ಟಾಲ್‌ಪಡಲ್‌ನ ಕೂಲಿಯಾಳು ಕೆನಡಾದ ರೈತನಾದ ದಾರಿ: ಜಾರ್ಜ್ ಲವ್‌ಲೆಸ್ ಬದುಕಿನ ಹಿನ್ನೆಲೆ

ಜಾರ್ಜ್ ಲವ್‌ಲೆಸ್ ಯಾರು ಎಂದು ಕೇಳಿದರೆ ಒಂದೊಂದು ಕಡೆ ಒಂದೊಂದು ಉತ್ತರ ಸಿಗುತ್ತದೆ. ಬ್ರಿಟನ್ನಿನ ಕಾರ್ಮಿಕ ಸಂಘದವರಿಗೆ ಆತ ಹುತಾತ್ಮ, ಸತ್ತದ್ದಕ್ಕಲ್ಲ, ಕೂಲಿಗಳ ಸಂಘ ಕಟ್ಟಿ ಶಿಕ್ಷೆ ಅನುಭವಿಸಿದ್ದಕ್ಕೆ. ಟ್ಯಾಸ್ಮೇನಿಯಾದ ಹಳೆಯ ಕಡತಗಳಲ್ಲಿ ಗಡೀಪಾರಾಗಿ ಬಂದ ಕೈದಿ. ಕೆನಡಾದ ಒಂಟಾರಿಯೊದಲ್ಲಿ, ವಲಸೆ ಬಂದು ಹೊಲ ಮಾಡಿಕೊಂಡು, ಊರಿಗೊಂದು ಚರ್ಚ್ ಕಟ್ಟಲು ಕೈಜೋಡಿಸಿದ ರೈತ. ಹೇಳುವವರು ತಮಗೆ ಬೇಕಾದಷ್ಟನ್ನು ಎತ್ತಿಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತಾರೆ. ಹೀಗೆ ಹೆಚ್ಚಾಗಿ ಬಿಟ್ಟುಹೋಗುವುದು ಆತ ಮೆಥೋಡಿಸ್ಟ್ ಎಂಬ ಕ್ರೈಸ್ತ ಪಂಗಡದ ಲೇ ಪ್ರೀಚರ್, ಅಂದರೆ ಪಾದ್ರಿಯಲ್ಲದ ಪ್ರಸಂಗಿ, ಆಗಿದ್ದ ಎಂಬ ವಿಷಯ. ಅದನ್ನು ಬಿಟ್ಟರೆ ಮಿಕ್ಕ ಕಥೆಗೆ ತಲೆಬುಡ ಸಿಗುವುದಿಲ್ಲ.

18ನೇ ಶತಮಾನದಲ್ಲಿ ಜಾನ್ ವೆಸ್ಲಿ ಶುರು ಮಾಡಿದ ಮೆಥೋಡಿಸ್ಟ್ ಚಳವಳಿ ಗಣಿ ಕಾರ್ಮಿಕರು, ನೇಕಾರರು, ಹೊಲದ ಕೂಲಿಗಳ ನಡುವೆ ಬೇಗ ಹರಡಿತು. ಊರೂರಿಗೆ ಪಾದ್ರಿಗಳನ್ನು ಕೊಡುವಷ್ಟು ಜನ ಇರಲಿಲ್ಲ. ಹಾಗಾಗಿ ಸುತ್ತಲಿನ ಹಳ್ಳಿಗಳನ್ನೆಲ್ಲ ಸೇರಿಸಿ ಒಂದು ಸರ್ಕಿಟ್ ಮಾಡಿ, ವಾರವಿಡೀ ದುಡಿಯುವ ಮನುಷ್ಯನನ್ನೇ ಭಾನುವಾರ ಪ್ರಸಂಗಕ್ಕೆ ನಿಲ್ಲಿಸುತ್ತಿದ್ದರು. ಅವನೇ ಲೇ ಪ್ರೀಚರ್. ಸಂಬಳ ಇಲ್ಲ. ಮೈಲಿಗಟ್ಟಲೆ ನಡೆದು ಹೋಗಬೇಕು, ಮಾತಾಡಬೇಕು, ಸೋಮವಾರ ಬೆಳಿಗ್ಗೆ ಮತ್ತೆ ನೇಗಿಲು ಹಿಡಿಯಬೇಕು. ನಮ್ಮ ಕಡೆಗೂ ಬಂದದ್ದು ಇದೇ ವೆಸ್ಲಿಯನ್ ಪಂಗಡ. 1830ರ ದಶಕದ ಕೊನೆಗೆ ಅದರ ಮಿಷನರಿಗಳು ಗುಬ್ಬಿಯಲ್ಲಿ ನೆಲೆ ಮಾಡಿದ್ದರು. ಮೈಸೂರಿನ ವೆಸ್ಲಿ ಪ್ರೆಸ್ ಆಮೇಲಿನ ಮಾತು.

ಲವ್‌ಲೆಸ್ ಹುಟ್ಟಿದ್ದು 1797ರಲ್ಲಿ, ಇಂಗ್ಲೆಂಡಿನ ಡಾರ್ಸೆಟ್ ಸೀಮೆಯ ಟಾಲ್‌ಪಡಲ್‌ನಲ್ಲಿ. ಉಳುವ ಕೆಲಸ. ಓದು ಬರಹ ತಾನೇ ಕಲಿತದ್ದು. ಕೂಲಿಯಲ್ಲಿ ಉಳಿಸಿ ಒಂದಿಷ್ಟು ಧರ್ಮಗ್ರಂಥಗಳನ್ನೂ ಕೂಡಿಟ್ಟಿದ್ದ. ಚಾಪೆಲ್, ಅಂದರೆ ಮೆಥೋಡಿಸ್ಟರ ಪ್ರಾರ್ಥನೆಯ ಮನೆ, ಆತನಿಗೆ ಕಲಿಸಿದ್ದು ಬರೀ ಬೈಬಲ್ ಅಲ್ಲ. ಹತ್ತು ಜನರ ಮುಂದೆ ನಿಂತು ನಿಧಾನವಾಗಿ ಮಾತಾಡುವುದು, ವಾರಕ್ಕೆ ಒಂದು ಪೆನ್ನಿಯಂತೆ ಹಣ ಕೂಡಿಸುವುದು, ಲೆಕ್ಕ ಬರೆಯುವುದು, ಕಟ್ಟಲೆ ಮಾಡಿ ಅದರಂತೆ ನಡೆಯುವುದು, ಇದೆಲ್ಲ ಅಲ್ಲಿಂದಲೇ ಬಂತು. 1833ರಲ್ಲಿ ಆತ ಕಟ್ಟಿದ ಸಂಘ ಎಲ್ಲಿಂದ ಬಂತು ಎಂದು ಹುಡುಕುವವರು ಲಂಡನ್ ಕಡೆಗೇ ಜಾಸ್ತಿ ನೋಡುತ್ತಾರೆ. ನನಗನಿಸುವಂತೆ ಅದರ ಬಹುಪಾಲು ಆ ಊರಿನ ಚಾಪೆಲ್ಲಿನೊಳಗೇ ಇತ್ತು.

ಕೂಲಿಯ ವಿಷಯ ಹೀಗಿತ್ತು. 1830ರಲ್ಲಿ ದಕ್ಷಿಣ ಇಂಗ್ಲೆಂಡಿನ ಹಳ್ಳಿಗಳಲ್ಲಿ ಕೂಲಿಗಳು ಒಕ್ಕಣೆ ಯಂತ್ರ ಒಡೆದರು, ಬಣವೆಗಳಿಗೆ ಬೆಂಕಿ ಬಿತ್ತು. ಆ ಗಲಾಟೆ ಅಡಗಿದ ಮೇಲೆ ಹಲವು ಕಡೆ ಕೂಲಿ ವಾರಕ್ಕೆ 10 ಶಿಲಿಂಗ್ ಆಯಿತು. ಟಾಲ್‌ಪಡಲ್‌ನ ಜಮೀನುದಾರರೂ ಅಷ್ಟೇ ಕೊಡುವುದಾಗಿ ಊರಿನ ಪಾದ್ರಿಯ ಎದುರಿನಲ್ಲಿ ಒಪ್ಪಿದ್ದರು ಎಂದು ಲವ್‌ಲೆಸ್ ಬರೆದಿದ್ದಾನೆ. ಆ ಮಾತು ಉಳಿಯಲಿಲ್ಲ. ಕೂಲಿ 9 ಶಿಲಿಂಗ್ ಇದ್ದದ್ದು 8ಕ್ಕೆ, ಆಮೇಲೆ 7ಕ್ಕೆ ಇಳಿಯಿತು. ಇನ್ನು 6 ಎಂಬ ಸುದ್ದಿ ಬಂತು. ಹೆಂಡತಿ ಮಕ್ಕಳನ್ನು ಅಷ್ಟರಲ್ಲಿ ಸಾಕುವುದು ಆಗದ ಮಾತು.

ಸಂಘ ಕಟ್ಟುವುದು ಆಗ ಅಪರಾಧ ಆಗಿರಲಿಲ್ಲ. ಅದರ ಮೇಲಿನ ನಿಷೇಧ 1824ರಲ್ಲೇ ಹೋಗಿತ್ತು. 1833ರ ಅಕ್ಟೋಬರ್‌ನಲ್ಲಿ ಕೃಷಿ ಕೂಲಿಗಳ ಸ್ನೇಹ ಸಂಘ ಶುರುವಾಯಿತು. ಸೇರಲು ಒಂದು ಶಿಲಿಂಗ್, ಆಮೇಲೆ ವಾರಕ್ಕೊಂದು ಪೆನ್ನಿ. ಹಿಂಸೆಯಿಂದ ಸಂಘದ ಉದ್ದೇಶ ಯಾವತ್ತೂ ಈಡೇರುವುದಿಲ್ಲ ಎಂದು ಕಟ್ಟಲೆಯಲ್ಲೇ ಬರೆದುಕೊಂಡಿದ್ದರು.

ಸಭೆ ನಡೆಯುತ್ತಿದ್ದದ್ದು ಲವ್‌ಲೆಸ್‌ನ ಭಾವ ಥಾಮಸ್ ಸ್ಟ್ಯಾಂಡ್‌ಫೀಲ್ಡ್‌ನ ಮನೆಯ ಅಟ್ಟದ ಕೋಣೆಯಲ್ಲಿ. ಹೊಸದಾಗಿ ಸೇರುವವನ ಕಣ್ಣಿಗೆ ಬಟ್ಟೆ ಕಟ್ಟುತ್ತಿದ್ದರು. ಅವನು ಮಂಡಿಯೂರಬೇಕು, ಯಾರೋ ಬೈಬಲ್‌ನ ಒಂದು ಭಾಗ ಓದುತ್ತಾರೆ. ಬಟ್ಟೆ ಬಿಚ್ಚಿದಾಗ ಎದುರಿಗೆ ದೊಡ್ಡದೊಂದು ಅಸ್ಥಿಪಂಜರದ ಚಿತ್ರ. ನಿನ್ನ ಕೊನೆ ನೆನೆಸಿಕೋ ಎಂಬ ಎಚ್ಚರಿಕೆ. ಆಮೇಲೆ ಪುಸ್ತಕಕ್ಕೆ ಮುತ್ತಿಟ್ಟು, ಸಂಘದ ಗುಟ್ಟು ಹೊರಗೆ ಬಿಡುವುದಿಲ್ಲ ಎಂಬ ಪ್ರಮಾಣ. ಈಗ ಕೇಳಿದರೆ ವಿಚಿತ್ರ ಅನಿಸುತ್ತದೆ, ಅಲ್ವಾ? ಆ ಕಾಲದ ಬೇರೆ ಸಂಘಗಳಲ್ಲೂ ಇಂಥದ್ದು ನಡೆಯುತ್ತಿತ್ತು. ಸುದ್ದಿ ಹೊರಬಿದ್ದರೆ ಮರುದಿನವೇ ಕೆಲಸ ಹೋಗುವ ಜನಕ್ಕೆ ಗುಟ್ಟು ಕಾಯುವುದು ಹೊಟ್ಟೆಪಾಡಿನ ಪ್ರಶ್ನೆ.

ಕೊರಳಿಗೆ ಸುತ್ತಿಕೊಂಡಿದ್ದು ಈ ಪ್ರಮಾಣವೇ. ನೌಕಾಪಡೆಯಲ್ಲಿ ದಂಗೆ ಆದಾಗ, ಅಂದರೆ ಲವ್‌ಲೆಸ್ ಹುಟ್ಟಿದ ವರ್ಷವೇ, ಗುಟ್ಟಿನ ಪ್ರಮಾಣದ ವಿರುದ್ಧ ಒಂದು ಕಾನೂನು ಬಂದಿತ್ತು. ನಾವಿಕರ ದಂಗೆಗೆ ಮಾಡಿದ ಆ ಕಾನೂನನ್ನು ಹೊಲದ ಕೂಲಿಗಳಿಗೆ ಹಚ್ಚಿದರು. 1834ರ ಫೆಬ್ರುವರಿ 21ರ ಹೊತ್ತಿಗೆ ಊರಲ್ಲಿ ಎಚ್ಚರಿಕೆಯ ಭಿತ್ತಿಪತ್ರ ಅಂಟಿಸಿದರು. 24ರ ಬೆಳಿಗ್ಗೆ ಲವ್‌ಲೆಸ್ ಕೆಲಸಕ್ಕೆ ಹೊರಟಾಗ ಕಾನ್‌ಸ್ಟೇಬಲ್ ಬಾಗಿಲಲ್ಲಿದ್ದ. ತಮ್ಮ ಜೇಮ್ಸ್, ಸ್ಟ್ಯಾಂಡ್‌ಫೀಲ್ಡ್, ಅವನ ಮಗ ಜಾನ್, ಜೇಮ್ಸ್ ಬ್ರೈನ್, ಜೇಮ್ಸ್ ಹ್ಯಾಮೆಟ್ ಸೇರಿ ಆರು ಜನ. ಡಾರ್ಚೆಸ್ಟರ್‌ವರೆಗೆ ಏಳು ಮೈಲಿ ನಡೆಸಿಕೊಂಡು ಹೋದರು.

ಮಾರ್ಚ್‌ನಲ್ಲಿ ವಿಚಾರಣೆ. ಅಲ್ಲಿ ಲವ್‌ಲೆಸ್ ಹೇಳಿಕೆ ಬರೆದು ಕೊಟ್ಟ. ನಾವು ಯಾರ ಹೆಸರಿಗೂ, ಮೈಗೂ, ಆಸ್ತಿಗೂ ಹಾನಿ ಮಾಡಿಲ್ಲ, ನಾವು, ನಮ್ಮ ಹೆಂಡತಿ ಮಕ್ಕಳು ಹೀನ ಸ್ಥಿತಿಗಿಳಿದು ಹಸಿವಿನಿಂದ ಸಾಯದಂತೆ ಒಟ್ಟಾದೆವು, ಅಷ್ಟೇ ಎಂಬುದು ಅದರ ಸಾರ. ಶಿಕ್ಷೆ ಏಳು ವರ್ಷ ಗಡೀಪಾರು. ಆರರಲ್ಲಿ ಐವರು ಮೆಥೋಡಿಸ್ಟರು. ಆದರೂ ರಾಜಕೀಯದಿಂದ ದೂರ ಇರಬೇಕು ಎಂಬ ನಿಲುವಿನ ವೆಸ್ಲಿಯನ್ ಹಿರಿಯರಿಂದ ಬೆಂಬಲದ ಮಾತು ಬರಲಿಲ್ಲ. ಹಳ್ಳಿಯಲ್ಲಿ ಉಳಿದ ಹೆಂಡಂದಿರು ಪ್ಯಾರಿಷ್, ಅಂದರೆ ಊರಿನ ಚರ್ಚ್ ಆಡಳಿತ, ಬಡವರಿಗೆ ಕೊಡುವ ನೆರವು ಕೇಳಿದರೆ ಅದೂ ಸಿಗಲಿಲ್ಲ. ಈ ಎರಡು ವಿಷಯಗಳನ್ನು ಮೆರವಣಿಗೆಯ ಕಥೆಯಷ್ಟೇ ಗಟ್ಟಿಯಾಗಿ ಹೇಳಬೇಕು ಎಂಬುದು ನನ್ನ ಅನಿಸಿಕೆ.

ಮೆರವಣಿಗೆ ಎಂದರೆ 1834ರ ಏಪ್ರಿಲ್ 21ರದ್ದು. ಲಂಡನ್‌ನ ಕೋಪನ್‌ಹೇಗನ್ ಫೀಲ್ಡ್ಸ್‌ನಲ್ಲಿ ಸಾವಿರಾರು ಜನ ಸೇರಿ ಬಿಡುಗಡೆಗೆ ಮನವಿ ಹೊತ್ತು ನಡೆದರು. ಅಷ್ಟು ಹೊತ್ತಿಗೆ ಐವರು ನ್ಯೂ ಸೌತ್ ವೇಲ್ಸ್‌ನ ದಾರಿಯಲ್ಲಿದ್ದರು. ಕಾಯಿಲೆ ಬಿದ್ದು ಹಿಂದೆ ಉಳಿದ ಲವ್‌ಲೆಸ್‌ನನ್ನು ಟ್ಯಾಸ್ಮೇನಿಯಾಕ್ಕೆ, ಆಗಿನ ವಾನ್ ಡೀಮನ್ಸ್ ಲ್ಯಾಂಡ್‌ಗೆ ಕಳಿಸಿದರು. ರಸ್ತೆ ಕೆಲಸ, ಆಮೇಲೆ ಸರ್ಕಾರಿ ಜಮೀನಿನಲ್ಲಿ ಕುರಿ, ದನ ನೋಡಿಕೊಳ್ಳುವ ಕೆಲಸ. 1836ರಲ್ಲಿ ಆರೂ ಜನರಿಗೆ ಪೂರ್ತಿ ಕ್ಷಮಾದಾನ ಸಿಕ್ಕಿತು. ಆದರೆ ಹೆಂಡತಿ ಬೆಟ್ಸಿಯನ್ನು ಅಲ್ಲಿಗೇ ಕರೆಸಿಕೊಳ್ಳಲು ಆತ ಕಾಗದ ಬರೆದಿದ್ದ. ತಾನು ಹಡಗು ಹತ್ತಿ ಅವಳು ಈ ಕಡೆ ಬಂದುಬಿಟ್ಟರೆ? ಅವಳು ಹೊರಟಿಲ್ಲ ಎಂದು ತಿಳಿಯುವವರೆಗೂ ಕಾದ. ಇಂಗ್ಲೆಂಡ್ ತಲುಪಿದ್ದು 1837ರ ಜೂನ್‌ನಲ್ಲಿ.

ಜನ ಕೂಡಿಸಿದ ಹಣದಲ್ಲಿ ಎಸೆಕ್ಸ್‌ನ ಚಿಪ್ಪಿಂಗ್ ಓಂಗರ್ ಹತ್ತಿರ ಲವ್‌ಲೆಸ್‌ಗೂ ವಾಪಸಾದ ಜೊತೆಗಾರರಿಗೂ ಗುತ್ತಿಗೆಗೆ ಜಮೀನು ಹಿಡಿದುಕೊಟ್ಟರು. ಲವ್‌ಲೆಸ್ ಮೊದಲ ಸಲ ಬೇರೆಯವರ ಕೂಲಿಯಾಗದೆ ಬೇಸಾಯ ಮಾಡಿದ್ದು ಅಲ್ಲಿ. ಸುಮ್ನೆ ಕೂರಲಿಲ್ಲ. ಎಲ್ಲ ಗಂಡಸರಿಗೂ ಮತ ಬೇಕು ಎನ್ನುವ ಚಾರ್ಟಿಸ್ಟ್ ಸಂಘ ಕಟ್ಟಿದರು. ಸುತ್ತಲಿನ ದೊಡ್ಡವರಿಗೆ ಅದು ಹಿಡಿಸಲಿಲ್ಲ. 1844ರಿಂದ ಐದು ಕುಟುಂಬಗಳು ಕೆನಡಾಕ್ಕೆ, ಅಲ್ಲಿನ ಲಂಡನ್ ಪಟ್ಟಣದ ಆಸುಪಾಸಿಗೆ ಹೊರಟುಹೋದವು.

ಈ ಹೊರಡುವಿಕೆಯನ್ನು ಕೆಲವರು ಹೋರಾಟದ ಕೊನೆ ಎಂದು ಬರೆಯುತ್ತಾರೆ. ಕೆನಡಾದಲ್ಲಿ ಅವರು ಹಳೆಯದನ್ನು ಬಾಯಿಬಿಡಲಿಲ್ಲ ನಿಜ. ಆದರೆ ಅದೂ ಬ್ರಿಟಿಷರದೇ ವಸಾಹತು. ಕೈದಿಯ ಮಕ್ಕಳು ಎಂಬ ಹೆಸರು ಯಾರಿಗೆ ಬೇಕು? ಲವ್‌ಲೆಸ್ ಬಿಟ್ಟದ್ದು ಆ ಕಥೆ ಹೇಳುವುದನ್ನು ಮಾತ್ರ. ಸೈಲೋಮ್ ಎಂಬಲ್ಲಿ ಹೊಲ ಮಾಡಿದ, ಮೆಥೋಡಿಸ್ಟ್ ಚರ್ಚ್ ಕಟ್ಟಲು ನೆರವಾದ, 1874ರಲ್ಲಿ ಅಲ್ಲೇ ತೀರಿಕೊಂಡ.

ಆರರಲ್ಲಿ ಟಾಲ್‌ಪಡಲ್‌ಗೇ ವಾಪಸಾಗಿ ಬದುಕಿದವನು ಹ್ಯಾಮೆಟ್. ಗಾರೆ ಕೆಲಸದಲ್ಲಿ ಕೂಲಿ ಮಾಡಿ, 1891ರಲ್ಲಿ ಡಾರ್ಚೆಸ್ಟರ್‌ನ ವರ್ಕ್‌ಹೌಸ್‌ನಲ್ಲಿ, ಅಂದರೆ ಗತಿಯಿಲ್ಲದ ಬಡವರನ್ನು ಇರಿಸುವ ಮನೆಯಲ್ಲಿ, ಸತ್ತ. ವಯಸ್ಸಾದ ಕೂಲಿಗೆ ಆಗ ಪಿಂಚಣಿ ಇರಲಿಲ್ಲ; ಬ್ರಿಟನ್ನಿನಲ್ಲಿ ವೃದ್ಧಾಪ್ಯ ಪಿಂಚಣಿ ಕೊಡಲು ಶುರುವಾದದ್ದು 1909ರಲ್ಲಿ. 1934ರಲ್ಲಿ, ಘಟನೆಗೆ ನೂರು ವರ್ಷ ತುಂಬಿದಾಗ, ಕಾರ್ಮಿಕ ಸಂಘಗಳ ಒಕ್ಕೂಟ ಟಾಲ್‌ಪಡಲ್‌ನಲ್ಲಿ ಆರು ಮನೆ ಕಟ್ಟಿಸಿತು. ವಯಸ್ಸಾದ ಹೊಲದ ಕೂಲಿಗಳು ಇರಲಿ ಎಂದು ಕಟ್ಟಿಸಿದ ಮನೆಗಳವು.