ಹುವಾಂಗ್‌ಲಿಯನ್ ಬೇರು ಮತ್ತು ನಿಮ್ಮ ಶುಗರ್ ಮಾತ್ರೆ

ಈಚೆಗೆ ಕ್ಲಿನಿಕ್‌ಗೆ ಬರುವವರ ಕೈಯಲ್ಲಿ ಬರ್ಬರಿನ್ ಎಂಬ, ಹುವಾಂಗ್‌ಲಿಯನ್ ಗಿಡದ ಬೇರಿನಲ್ಲಿರುವ ಸಾರದ ಡಬ್ಬಿ ಆಗಾಗ ಕಾಣಿಸುತ್ತದೆ. ಕೆಲವರಿಗೆ ಅಮೆರಿಕದಲ್ಲಿರುವ ಮಗಳು ಕಳಿಸಿರುತ್ತಾಳೆ, ಕೆಲವರು ಆನ್‌ಲೈನ್‌ನಲ್ಲಿ ತರಿಸಿರುತ್ತಾರೆ. ಎಲ್ಲರ ಪ್ರಶ್ನೆಯೂ ಒಂದೇ: “ಡಾಕ್ಟ್ರೇ, ಇದು ಗಿಡಮೂಲಿಕೆ ಅಲ್ವಾ? ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಬಿಟ್ಟು ಇದನ್ನೇ ತಗೊಳ್ಳಲಾ?” ಸುಮ್ನೆ ಬೇಡ ಎಂದು ಹೇಳಿ ಕಳಿಸುವುದು ಸುಲಭ. ಆದರೆ ಈ ಗಿಡದ ವಿಷಯದಲ್ಲಿ ಅದು ನ್ಯಾಯವಲ್ಲ. ಇದರಲ್ಲಿ ನಿಜವಾಗಿಯೂ ಔಷಧವಿದೆ. ನನ್ನ ಆತಂಕಕ್ಕೆ ಕಾರಣವೂ ಅದೇ.

ಹುವಾಂಗ್‌ಲಿಯನ್ ಚೀನಾದ ಸಿಚುವಾನ್, ಹುಬೈ ಕಡೆಯ ತಂಪು ಬೆಟ್ಟಗಳಲ್ಲಿ ಬೆಳೆಯುವ ಪುಟ್ಟ ಗಿಡ. ಬೇರು ಹಳದಿ, ರುಚಿ ಕಡು ಕಹಿ. ಅಲ್ಲಿನ ವೈದ್ಯರು ಶತಮಾನಗಳಿಂದ ಇದನ್ನು ಭೇದಿಗೆ ಕೊಡುತ್ತಾ ಬಂದಿದ್ದಾರೆ. ಅದರ ಮುಖ್ಯ ಸಾರವೇ ಬರ್ಬರಿನ್. ಭೇದಿಗೆಂದು ಬರ್ಬರಿನ್ ತೆಗೆದುಕೊಂಡ ಮಧುಮೇಹಿಗಳ ಶುಗರ್ ಕೂಡ ಇಳಿಯುತ್ತಿದೆ ಎಂದು 1988ರಲ್ಲಿ ಅಲ್ಲಿಂದಲೇ ವರದಿ ಬಂತು.

ಶುಗರ್ ಹೇಗೆ ಇಳಿಯುತ್ತದೆ ಎಂದು ತಿಳಿಯಲು ಮೊದಲು ಇನ್ಸುಲಿನ್ ಪ್ರತಿರೋಧ ಏನೆಂದು ಗೊತ್ತಿರಬೇಕು. ಹಾಗೆಂದರೆ ದೇಹದಲ್ಲಿ ಇನ್ಸುಲಿನ್ ಇದ್ದರೂ ಅದರ ಮಾತು ನಡೆಯದಿರುವುದು. ಸ್ನಾಯುಗಳು ಗ್ಲೂಕೋಸನ್ನು ಸರಿಯಾಗಿ ಒಳಗೆ ತೆಗೆದುಕೊಳ್ಳುವುದಿಲ್ಲ. ಲಿವರ್ ಬೇಡದಿದ್ದರೂ ಗ್ಲೂಕೋಸ್ ತಯಾರಿಸುತ್ತಲೇ ಇರುತ್ತದೆ. ಹೊಟ್ಟೆಯ ಬೊಜ್ಜು, ಕತ್ತಿನ ಹಿಂದೆ ಕಪ್ಪು, ಹೆಣ್ಣುಮಕ್ಕಳಲ್ಲಿ ಪಿಸಿಓಡಿ (ಮುಟ್ಟು ಏರುಪೇರಾಗುವ ಅಂಡಾಶಯದ ತೊಂದರೆ) ಇವೆಲ್ಲದರ ಹಿಂದೆ ಹೆಚ್ಚಾಗಿ ಇದು ಇರುತ್ತದೆ. ಬರ್ಬರಿನ್ ಜೀವಕೋಶದ ಮೈಟೊಕಾಂಡ್ರಿಯಾದಲ್ಲಿ ಶಕ್ತಿ ತಯಾರಿಯನ್ನು ಸ್ವಲ್ಪ ತಗ್ಗಿಸುತ್ತದೆ. ಆಗ ಎಎಂಪಿಕೆ ಎಂಬ ಕಿಣ್ವ ಚುರುಕಾಗಿ, ಸ್ನಾಯುಗಳು ಹೆಚ್ಚು ಗ್ಲೂಕೋಸ್ ಎಳೆದುಕೊಳ್ಳುತ್ತವೆ. ಮೆಟ್‌ಫಾರ್ಮಿನ್ ಕೂಡ ಬಹುಮಟ್ಟಿಗೆ ಇದೇ ದಾರಿ ಹಿಡಿಯುತ್ತದೆ. ಅಂದಹಾಗೆ, ಮೆಟ್‌ಫಾರ್ಮಿನ್‌ನ ಬೇರು ಕೂಡ ಒಂದು ಗಿಡದಲ್ಲೇ ಇದೆ. ಯುರೋಪಿನ ಗಲೇಗಾ ಗಿಡದ ಸಾರದ ಅಧ್ಯಯನದಿಂದಲೇ ಆ ಜಾತಿಯ ಔಷಧಗಳು ಹುಟ್ಟಿದ್ದು.

2008ರಲ್ಲಿ ಶಾಂಘೈನ ವೈದ್ಯರು ಹೊಸದಾಗಿ ಮಧುಮೇಹ ಬಂದ 36 ಜನರ ಮೇಲೆ ಬರ್ಬರಿನ್ ಮತ್ತು ಮೆಟ್‌ಫಾರ್ಮಿನ್ ಹೋಲಿಸಿದರು. 500 ಮಿಲಿಗ್ರಾಂ, ದಿನಕ್ಕೆ ಮೂರು ಸಲ, ಮೂರು ತಿಂಗಳು. ಬರ್ಬರಿನ್ ತೆಗೆದುಕೊಂಡವರ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಶುಗರ್ ಮಟ್ಟ ತೋರಿಸುವ ರಕ್ತಪರೀಕ್ಷೆ) ಸರಾಸರಿ ಶೇಕಡಾ 9.5ರಿಂದ 7.5ಕ್ಕೆ ಇಳಿಯಿತು. ಮೆಟ್‌ಫಾರ್ಮಿನ್ ಫಲವೂ ಹೆಚ್ಚುಕಡಿಮೆ ಅಷ್ಟೇ. ಒಳ್ಳೆಯ ಸುದ್ದಿಯೇ. ಆದರೆ 36 ಜನ, ಮೂರು ತಿಂಗಳು! ಮೆಟ್‌ಫಾರ್ಮಿನ್ ಹಿಂದೆ ಇರುವುದು ದಶಕಗಳ ಅನುಭವ. ದಪ್ಪ ಇರುವ ಮಧುಮೇಹಿಗಳಲ್ಲಿ ಅದು ಹೃದಯಾಘಾತವನ್ನೂ ಸಾವನ್ನೂ ಕಡಿಮೆ ಮಾಡುತ್ತದೆ ಎಂದು 1998ರಲ್ಲಿ ಬ್ರಿಟನ್‌ನ ದೊಡ್ಡ ಅಧ್ಯಯನ ತೋರಿಸಿತು. ನಾವು ಶುಗರ್ ಇಳಿಸುವುದು ಕೊನೆಗೆ ಅದಕ್ಕೇ ತಾನೇ? ಬರ್ಬರಿನ್‌ಗೆ ಅಂಥ ಪುರಾವೆ ಇಲ್ಲ. ಹಾಗಾಗಿ ಮೆಟ್‌ಫಾರ್ಮಿನ್ ಬಿಟ್ಟು ಇದನ್ನು ಹಿಡಿಯಿರಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಇನ್ನು “ಪ್ರಕೃತಿಯ ಓಜೆಂಪಿಕ್” (ಓಜೆಂಪಿಕ್ ಎಂದರೆ ತೂಕವನ್ನೂ ಇಳಿಸುವ ಮಧುಮೇಹದ ಇಂಜೆಕ್ಷನ್) ಎನ್ನುವ ರೀಲ್ಸ್ ಮಾತನ್ನು ನಂಬಲೇಬೇಡಿ. ಬರ್ಬರಿನ್‌ನಿಂದ ಇಳಿಯುವ ತೂಕ ಬಹಳ ಕಡಿಮೆ.

ಶಕ್ತಿ ಇರುವ ಔಷಧಕ್ಕೆ ತೊಂದರೆಗಳೂ ಇರುತ್ತವೆ. ಮಲಬದ್ಧತೆ, ಹೊಟ್ಟೆ ಉಬ್ಬರ, ಭೇದಿ ಸಾಮಾನ್ಯ. ಲಿವರ್ ಕೆಲವು ಔಷಧಗಳನ್ನು ಕರಗಿಸುವುದನ್ನು ಬರ್ಬರಿನ್ ನಿಧಾನ ಮಾಡುತ್ತದೆ. ಕಿಡ್ನಿ ಕಸಿ ಆದವರು ತೆಗೆದುಕೊಳ್ಳುವ ಸೈಕ್ಲೋಸ್ಪೊರಿನ್ ಇದರಿಂದ ರಕ್ತದಲ್ಲಿ ಏರುತ್ತದೆ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮುಟ್ಟಲೇಬಾರದು. ನವಜಾತ ಶಿಶುವಿನ ಕಾಮಾಲೆ ಜಾಸ್ತಿಯಾಗಿ ಮಿದುಳಿಗೆ ಹಾನಿ ಆಗಬಹುದು. ಪಿಸಿಓಡಿಗೆಂದು ಇದನ್ನು ನುಂಗುತ್ತಾ ಮಗುವಿಗಾಗಿ ಕಾಯುತ್ತಿರುವವರು ಇದನ್ನು ದಯವಿಟ್ಟು ಗಮನಿಸಿ.

ಗಿಡಮೂಲಿಕೆ ಹೆಸರಿನ ಗುಳಿಗೆಗಳ ಬಗ್ಗೆಯೂ ಎಚ್ಚರ ಬೇಕು. ಚೀನಾದಲ್ಲಿ ಮಧುಮೇಹಕ್ಕೆ ಕೊಡುವ ಪ್ರಸಿದ್ಧ ಶಿಯಾವೊಕೆ ಗುಳಿಗೆಯಲ್ಲಿ ಗಿಡಮೂಲಿಕೆಗಳ ಜೊತೆಗೆ ಗ್ಲಿಬೆನ್‌ಕ್ಲಮೈಡ್ ಕೂಡ ಸೇರಿದೆ. ಹತ್ತು ಗುಳಿಗೆಗೆ 2.5 ಮಿಲಿಗ್ರಾಂ. ಅದು ನಾವು ಬರೆದುಕೊಡುವ ಶುಗರ್ ಮಾತ್ರೆಯೇ. ಬರೀ ಬೇರು ನಾರು ಎಂದುಕೊಂಡು ನಿಮ್ಮ ಮಾತ್ರೆಯ ಜೊತೆ ಆ ಗುಳಿಗೆಯನ್ನೂ ನುಂಗಿದರೆ ಶುಗರ್ ಅಪಾಯದ ಮಟ್ಟಕ್ಕೆ ಕುಸಿಯಬಹುದು.

ನಮ್ಮ ಪಶ್ಚಿಮ ಘಟ್ಟದ ಮರದರಿಶಿನದ ಬಳ್ಳಿಯಲ್ಲೂ ಬರ್ಬರಿನ್ ಇದೆ. ಅದರ ಕಷಾಯ ಮಾಡಿಕೊಳ್ಳಲೇ ಎಂದು ಮಲೆನಾಡಿನವರು ಕೇಳುತ್ತಾರೆ. ಕಷಾಯದಲ್ಲಿ ಎಷ್ಟು ಬರ್ಬರಿನ್ ಇಳಿಯಿತು ಎಂದು ಅಳೆಯಲು ಆಗುವುದಿಲ್ಲ. ಮೇಲಾಗಿ ಆ ಬಳ್ಳಿ ಕಡಿದು ಕಡಿದು ಅಳಿವಿನ ಅಂಚಿಗೆ ಬಂದಿದೆ. ದಯವಿಟ್ಟು ಅದನ್ನು ಕಾಡಿನಲ್ಲೇ ಬಿಡಿ.

ಈಗಾಗಲೇ ಬರ್ಬರಿನ್ ಶುರು ಮಾಡಿದ್ದರೆ ಡಬ್ಬಿಯನ್ನು ನಿಮ್ಮ ವೈದ್ಯರಿಗೆ ತೋರಿಸಿ. ಬೈಯುತ್ತಾರೆ ಎಂದು ಮುಚ್ಚಿಡಬೇಡಿ. ಅದನ್ನು ನೋಡಿದರೆ ಉಳಿದ ಮಾತ್ರೆಗಳ ಪ್ರಮಾಣವನ್ನು ಅವರು ಸರಿಹೊಂದಿಸಬಹುದು.