ಹಳೆ ರೇಡಿಯೋದ ಡಯಲ್ ದಾರ: ಗಂಟು ಹಾಕುವ ಮುಂಚಿನ ಲೆಕ್ಕ

ನಾಬ್ ತಿರುಗುತ್ತದೆ, ಮುಳ್ಳು ಮಾತ್ರ ಇದ್ದಲ್ಲೇ ಇರುತ್ತದೆ. ಹಳೆ ರೇಡಿಯೋ ರಿಪೇರಿ ಕಲಿಯುವವರಿಗೆಲ್ಲ ಒಂದಲ್ಲ ಒಂದು ದಿನ ಈ ತೊಂದರೆ ಎದುರಾಗುತ್ತದೆ. ದಾರ ಕಟ್ಟೋದು ಅರ್ಧ ಗಂಟೆ ಕೆಲಸ ಅಂದುಕೊಂಡು ನಾನು ಮೊದಲ ಸಲ ಕೂತಿದ್ದೆ. ಮೂರು ಸಂಜೆ ಹೋಯಿತು. ದಾರ ಯಾಕೆ ಆ ದಾರಿಯಲ್ಲೇ ಹೋಗಬೇಕು ಅನ್ನೋದು ತಲೆಗೆ ಹತ್ತಿರಲಿಲ್ಲ, ಅದೇ ಕಾರಣ. ಹಾಗಾಗಿ ಈ ಟಿಪ್ಪಣಿಯಲ್ಲಿ ಆ ಭಾಗವೇ ಜಾಸ್ತಿ.

ದಾರ ಏನು ಮಾಡುತ್ತದೆ

ಸ್ಟೇಷನ್ ಹಿಡಿಯುವುದು ಗ್ಯಾಂಗ್ ಕಂಡೆನ್ಸರ್. ಅದರಲ್ಲಿ ಒಂದು ಗುಂಪಿನ ತಗಡುಗಳು ಅಲುಗುವುದಿಲ್ಲ, ಇನ್ನೊಂದು ಗುಂಪು ಅವುಗಳ ಸಂದಿಗೆ ಹೋಗಿ ಬಂದು ಮಾಡುತ್ತದೆ. ಪೂರ್ತಿ ಒಳಗೆ ಹೋದಾಗ ಬ್ಯಾಂಡಿನ ಕೆಳತುದಿ, ಮೀಡಿಯಂ ವೇವ್‌ನಲ್ಲಾದರೆ ಸುಮಾರು 530 ಕಿಲೋಹರ್ಟ್ಜ್. ಪೂರ್ತಿ ಹೊರಬಂದಾಗ 1600ರ ಆಸುಪಾಸು. ಇಷ್ಟಕ್ಕೆ ಗ್ಯಾಂಗ್ ತಿರುಗುವುದು ಅರ್ಧ ಸುತ್ತು, 180 ಡಿಗ್ರಿ.

ಗ್ಯಾಂಗಿನ ಷಾಫ್ಟಿಗೆ ದೊಡ್ಡ ಡ್ರಮ್, ಅಂದರೆ ದಾರ ಸುತ್ತುವ ಚಕ್ರ, ಇರುತ್ತದೆ. ಈ ಡ್ರಮ್, ನಾಬಿನ ಷಾಫ್ಟ್, ಮುಳ್ಳು ಮೂರನ್ನೂ ಜೋಡಿಸುವುದೇ ದಾರ. ನಾಬಿನ ಷಾಫ್ಟ್ ತೆಳ್ಳಗೆ, ಸಾಮಾನ್ಯವಾಗಿ 6 ಮಿ.ಮೀ. ಒಂದು ಲೆಕ್ಕ ಹಾಕೋಣ. ಡ್ರಮ್‌ನ ಅಡ್ಡಳತೆ 60 ಮಿ.ಮೀ. ಅಂದರೆ ಸುತ್ತಳತೆ ಸುಮಾರು 188. ಅರ್ಧ ಸುತ್ತಿಗೆ 94 ಮಿ.ಮೀ. ದಾರ ಸರಿಯುತ್ತದೆ. ಮುಳ್ಳೂ ಡಯಲ್ ಮೇಲೆ ಅಷ್ಟೇ ಓಡುತ್ತದೆ. ನಾಬಿನ ಷಾಫ್ಟಿನ ಸುತ್ತಳತೆ 19 ಮಿ.ಮೀ. ಇರುವುದರಿಂದ ಈ ತುದಿಯಿಂದ ಆ ತುದಿಗೆ ನಾಬನ್ನು ಸುಮಾರು ಐದು ಸುತ್ತು ತಿರುಗಿಸಬೇಕು. ಉದ್ದನೆ ಡಯಲ್ ಇರುವ ಸೆಟ್‌ಗಳಲ್ಲಿ ಡ್ರಮ್ ಅಷ್ಟು ದೊಡ್ಡದಾಗಿ ಯಾಕಿರುತ್ತದೆ ಅಂತ ಈಗ ಗೊತ್ತಾಯಿತಲ್ವಾ? 188 ಮಿ.ಮೀ. ಓಡಬೇಕಾದರೆ 120 ಮಿ.ಮೀ. ಡ್ರಮ್ ಬೇಕು.

ಇನ್ನೊಂದು ವಿಷಯ ನನಗೆ ತುಂಬಾ ತಡವಾಗಿ ಹೊಳೆಯಿತು. ಡ್ರಮ್ ಒಂದು ಕಡೆಯಿಂದ ಎಷ್ಟು ದಾರ ಎಳೆದುಕೊಳ್ಳುತ್ತದೋ, ಇನ್ನೊಂದು ಕಡೆಯಿಂದ ಅಷ್ಟೇ ಬಿಡುತ್ತದೆ. ಹಾಗಾಗಿ ನಾಬ್ ಎಲ್ಲೇ ಇರಲಿ, ದಾರದ ಬಿಗಿ ಒಂದೇ ಇರಬೇಕು. ಡ್ರಮ್ ಒಳಗಿನ ಸ್ಪ್ರಿಂಗ್ ಇರುವುದು ದಾರವನ್ನು ಬಿಗಿಯಾಗಿ ಇಡಲಿಕ್ಕೆ, ದಾರ ಹಿಗ್ಗಿದರೆ ಸರಿದೂಗಿಸಲಿಕ್ಕೆ. ಒಂದು ತುದಿಯಲ್ಲಿ ಬಿಗಿ, ಇನ್ನೊಂದು ತುದಿಯಲ್ಲಿ ಸಡಿಲ ಅನ್ನಿಸಿದರೆ ದಾರ ಎಲ್ಲೋ ತಾನು ಕೂರುವ ತೋಡು ತಪ್ಪಿದೆ, ಇಲ್ಲವೇ ಡ್ರಮ್ ವಾರೆಯಾಗಿ ಕೂತಿದೆ. ಸ್ಪ್ರಿಂಗನ್ನು ಬೈದು ಉಪಯೋಗವಿಲ್ಲ.

ಸೀಳು ಮತ್ತು ಸುತ್ತು

ಡ್ರಮ್ ಅಂಚಿನಲ್ಲಿ ಒಂದು ಸೀಳು ಇರುತ್ತದೆ. ದಾರದ ಎರಡೂ ತುದಿ ಅದರೊಳಗೆ ಹೋಗಿ, ಒಂದು ಕೊಕ್ಕೆಗೆ, ಇನ್ನೊಂದು ಸ್ಪ್ರಿಂಗಿಗೆ ಸಿಕ್ಕಿಕೊಳ್ಳುತ್ತವೆ. ಗ್ಯಾಂಗ್ ಎಲ್ಲಿಗೆ ತಿರುಗಿದರೂ ಈ ಸೀಳು ದಾರ ಡ್ರಮ್ ಬಿಟ್ಟು ಹೊರಡುವ ಜಾಗ ದಾಟಿ ಹೋಗಬಾರದು. ನಾನು ಎಡವಿದ್ದು ಇಲ್ಲೇ. ಗ್ಯಾಂಗ್ ಮುಚ್ಚಿದಾಗ, ಅಂದರೆ ತಗಡುಗಳು ಪೂರ್ತಿ ಒಳಗಿದ್ದಾಗ, ಎಲ್ಲ ಚೆನ್ನಾಗಿ ಕೂತಿತ್ತು. ಖುಷಿಯಿಂದ ನಾಬ್ ತಿರುಗಿಸುತ್ತಾ ಹೋದೆ. ಮುಕ್ಕಾಲು ದಾರಿಯಲ್ಲಿ ದಾರ ಸೀಳಿನ ಹತ್ತಿರ ಡ್ರಮ್‌ನಿಂದ ಎದ್ದು ನಿಂತಿತು, ಟಪ್ ಅಂತ ತೋಡಿನಿಂದ ಜಾರಿ ಸ್ಪ್ರಿಂಗ್ ಮೇಜಿನ ಕೆಳಗೆ ಹೋಯಿತು. ಆಮೇಲಿನ ಇಪ್ಪತ್ತು ನಿಮಿಷ ಟಾರ್ಚ್ ಹಿಡಿದು ನೆಲ ಹುಡುಕುವುದರಲ್ಲೇ ಕಳೆಯಿತು.

ಅದಕ್ಕೇ ಖಾಲಿ ಡ್ರಮ್ಮನ್ನು ಮೊದಲು ಕೈಯಲ್ಲಿ ತಿರುಗಿಸಿ ನೋಡಿ. ಗ್ಯಾಂಗ್ ಮುಚ್ಚಿದಾಗ ಸೀಳು ಎಲ್ಲಿ, ತೆರೆದಾಗ ಎಲ್ಲಿ, ಎರಡನ್ನೂ ಕಾಗದದ ಮೇಲೆ ಗುರುತು ಹಾಕಿ. ಯಾವ ಬದಿಯ ದಾರ ಈಗ ಬಿಚ್ಚಿಕೊಳ್ಳಲಿದೆಯೋ, ಆ ಬದಿಗೆ ಡ್ರಮ್ ಮೇಲೆ ಅರ್ಧ ಸುತ್ತಿಗಿಂತ ಹೆಚ್ಚು ದಾರ ಇರಲೇಬೇಕು.

ಇನ್ನು ನಾಬಿನ ಷಾಫ್ಟ್. ಇಲ್ಲಿ ದಾರವನ್ನು ಯಾವುದಕ್ಕೂ ಕಟ್ಟಿರುವುದಿಲ್ಲ, ಬರೀ ಸುತ್ತಿರುತ್ತಾರೆ. ಎಳೆದಾಡುವ ಹೋರಿಯ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಹಾಕಿದರೆ ಒಂದೇ ಕೈಯಲ್ಲಿ ಹಿಡಿಯಬಹುದು. ಇಲ್ಲೂ ಅದೇ ಕತೆ. ಪ್ರತಿ ಸುತ್ತಿಗೂ ಹಿಡಿತ ಕೂಡುವುದಿಲ್ಲ, ಗುಣಿಸುತ್ತದೆ. ಘರ್ಷಣೆಯ ಅಂಕಿ 0.2 ಅಂತ ಹಿಡಿದರೆ, ಒಂದು ಸುತ್ತಿಗೆ ಸುಮಾರು 3.5 ಪಟ್ಟು, ಎರಡೂವರೆ ಸುತ್ತಿಗೆ ಸುಮಾರು 23 ಪಟ್ಟು. ಹಾಗಂತ ಐದು ಸುತ್ತು ಹಾಕಬೇಡಿ. ನಾಬ್ ತಿರುಗುತ್ತಿದ್ದ ಹಾಗೆ ಸುತ್ತುಗಳು ಷಾಫ್ಟ್ ಉದ್ದಕ್ಕೂ ಸರಿಯುತ್ತವೆ. ಜಾಗ ಸಾಲದಿದ್ದರೆ ಒಂದರ ಮೇಲೊಂದು ಹತ್ತಿ ಸಿಕ್ಕು ಬೀಳುತ್ತವೆ. ಎರಡೂವರೆಯಿಂದ ಮೂರು ಸಾಕು. ಸುತ್ತುವ ದಿಕ್ಕು ಉಲ್ಟಾ ಆದರೆ ನಾಬ್ ಬಲಕ್ಕೆ ತಿರುಗಿಸಿದಾಗ ಮುಳ್ಳು ಎಡಕ್ಕೆ ಓಡುತ್ತದೆ. ಕೆಟ್ಟದ್ದೇನೂ ಆಗಲ್ಲ, ಆದರೆ ನಗು ಬರುತ್ತದೆ.

ಯಾವ ದಾರ

ಹೊಲಿಗೆ ದಾರ ಬೇಡ, ಹಿಗ್ಗುತ್ತದೆ, ತೇವಕ್ಕೆ ಉದ್ದ ಬದಲಾಗುತ್ತದೆ. ಒಂಟಿ ಎಳೆಯ ಗಾಳದ ದಾರವೂ ಬೇಡ, ನುಣುಪಾಗಿ ಜಾರುತ್ತದೆ. ಡಯಲ್‌ಗೆಂದೇ ಬರುವ ಹೆಣೆದ ನೈಲಾನ್ ದಾರ ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಹೆಣೆದ ಗಾಳದ ದಾರ ನಡೆಯುತ್ತದೆ. ದಪ್ಪ ಹಳೆಯದರಷ್ಟೇ ಇರಲಿ. ತೀರಾ ದಪ್ಪವಾದರೆ ಪುಲ್ಲಿಯ (ದಾರ ತಿರುಗಿಸುವ ಪುಟ್ಟ ರಾಟೆಯ) ತೋಡಿನಲ್ಲಿ ಕೂರುವುದಿಲ್ಲ. ಕೆಲವು ಸೆಟ್‌ಗಳಲ್ಲಿ ದಾರದ ಬದಲು ಲೋಹದ ತಂತಿ ಇರುತ್ತದೆ, ಅದರ ರೀತಿನೀತಿಯೇ ಬೇರೆ.

ಕಟ್ಟುವ ಕೆಲಸ

ಪ್ಲಗ್ ಕಿತ್ತು ಪಕ್ಕಕ್ಕಿಡಿ, ಸ್ವಿಚ್ ಆರಿಸಿದರೆ ಸಾಲದು. ಟ್ರಾನ್ಸ್‌ಫಾರ್ಮರ್ ಇಲ್ಲದ ವಾಲ್ವ್ ಸೆಟ್‌ಗಳಲ್ಲಿ ಚಾಸಿಸ್‌ಗೇ (ಒಳಗಿನ ಲೋಹದ ಚೌಕಟ್ಟಿಗೇ) ಕರೆಂಟ್ ಇರಬಹುದು. ಫಿಲ್ಟರ್ ಕಂಡೆನ್ಸರ್‌ಗಳಲ್ಲಿ ಉಳಿದ ಚಾರ್ಜನ್ನೂ ಇಳಿಸಿಕೊಳ್ಳಿ. ಹಳೆ ದಾರದ ತುಂಡುಗಳಿದ್ದರೆ ಎಸೆಯಬೇಡಿ, ಉದ್ದ ಅಳೆಯಲಿಕ್ಕೆ ಬೇಕು. ಇಲ್ಲದಿದ್ದರೆ ಸುಮ್ನೆ ಒಂದು ನೂಲನ್ನು ದಾರಿಗುಂಟ ಓಡಿಸಿ ಅಳೆದು, 30 ಸೆಂ.ಮೀ. ಹೆಚ್ಚಿಗೆ ಕತ್ತರಿಸಿ. ಡಯಲ್ ಗಾಜನ್ನು ಒರೆಸುವ ಆಸೆಯಾದರೆ ಮುಂಬದಿ ಮಾತ್ರ ಒರೆಸಿ. ಹಿಂಬದಿಯ ಅಕ್ಷರ ಒದ್ದೆ ಬಟ್ಟೆಗೇ ಎದ್ದು ಬರುತ್ತದೆ.

ದಾರ ಹಾಕುವ ಮುಂಚೆ ಪ್ರತಿ ಪುಲ್ಲಿಯನ್ನೂ ಬೆರಳಲ್ಲಿ ತಿರುಗಿಸಿ. ಗಟ್ಟಿಯಾಗಿದ್ದರೆ ಅಚ್ಚಿಗೆ ಒಂದೇ ಹನಿ ತೆಳು ಎಣ್ಣೆ ಬಿಟ್ಟು, ಹೊರಗೆ ಬಂದದ್ದನ್ನು ಒರೆಸಿ. ಗ್ಯಾಂಗಿನ ಬೇರಿಂಗಿಗೂ ಅಷ್ಟೇ. ಹಳೆ ಗ್ರೀಸ್ ಒಣಗಿ ಅಂಟಾಗಿ ಬಿಗಿದಿದ್ದರೆ ಹೊಸ ದಾರವೂ ಜಾರುತ್ತದೆ ಅಥವಾ ಹರಿಯುತ್ತದೆ. ಹಳೆಯದು ಹರಿದದ್ದೂ ಅದರಿಂದಲೇ ಇರಬಹುದು.

ಗ್ಯಾಂಗ್ ಪೂರ್ತಿ ಮುಚ್ಚಿಟ್ಟೇ ಕೆಲಸ ಮಾಡಿ, ಹೊರಗೆ ಚಾಚಿದ ತಗಡು ಕೈ ತಾಗಿ ಬಾಗಿದರೆ ಅದು ಬೇರೆಯೇ ತಲೆನೋವು. ಒಂದು ತುದಿಗೆ ಕುಣಿಕೆ ಹಾಕಿ ಕೊಕ್ಕೆಗೆ ಸಿಕ್ಕಿಸಿ. ಡ್ರಮ್ ಮೇಲೆ ಕೂತ ದಾರಕ್ಕೆ ಚೂರು ಪೇಪರ್ ಟೇಪ್ ಅಂಟಿಸಿ. ಇದು ಮೂರನೇ ಕೈ ಇದ್ದ ಹಾಗೆ. ಪುಲ್ಲಿಗಳು, ಷಾಫ್ಟಿನ ಸುತ್ತುಗಳು, ಮತ್ತೆ ಡ್ರಮ್. ಈ ದಾರಿ ಪೂರ್ತಿ ದಾರ ಕೈಯಿಂದ ಜಾರದ ಹಾಗೆ ಎಳೆದು ಹಿಡಿದಿರಬೇಕು. ಕೊನೆಯ ಗಂಟು ಸ್ಪ್ರಿಂಗಿಗೆ. ಸ್ಪ್ರಿಂಗ್ ಅರ್ಧದಷ್ಟು ಹಿಗ್ಗಿರುವ ಹಾಗೆ ಗಂಟು ಬಿಗಿಯಿರಿ. ನೈಲಾನ್ ಗಂಟು ಮೆಲ್ಲಗೆ ಜಾರಿಕೊಳ್ಳುತ್ತದೆ, ಒಂದು ಹನಿ ನೇಲ್ ಪಾಲಿಶ್ ಹಾಕಿದರೆ ನಿಲ್ಲುತ್ತದೆ.

ಈಗ ಟೇಪ್ ಕಿತ್ತು ನಾಬನ್ನು ತುದಿಯಿಂದ ತುದಿಗೆ ಹತ್ತು ಸಲ ಓಡಿಸಿ. ಗ್ಯಾಂಗ್ ತುದಿಗೆ ಬಂದು ನಿಂತ ಮೇಲೂ ನಾಬ್ ತಿರುಗಿಸಿದರೆ ದಾರ ಷಾಫ್ಟಿನ ಮೇಲೆ ಕೊಂಚ ಜಾರಬೇಕು. ಅದು ದೋಷವಲ್ಲ, ಗ್ಯಾಂಗಿಗೆ ಪೆಟ್ಟು ಬೀಳದಿರಲಿ ಅಂತ ಇರುವ ರಕ್ಷಣೆ. ನಡುದಾರಿಯಲ್ಲೇ ಜಾರಿದರೆ ಮಾತ್ರ ಚೂರು ರಾಳದ ಪುಡಿ ಷಾಫ್ಟಿನ ಹತ್ತಿರ ಉಜ್ಜಿ.

ಮುಳ್ಳನ್ನು ಕೊನೆಗೆ ಸಿಕ್ಕಿಸಿ. ಗ್ಯಾಂಗ್ ಮುಚ್ಚಿದಾಗ ಡಯಲ್‌ನ ಕೆಳತುದಿಯ ಗುರುತಿಗೆ ಸರಿಯಾಗಿ ಇಟ್ಟು, ಸೆಟ್ಟನ್ನು ಮತ್ತೆ ಪೆಟ್ಟಿಗೆಗೆ ಸೇರಿಸಿ ಪ್ಲಗ್ ಹಾಕಿ, ಫ್ರೀಕ್ವೆನ್ಸಿ ಗೊತ್ತಿರುವ ಒಂದು ಸ್ಟೇಷನ್ ಹಿಡಿಯಿರಿ. ಮುಳ್ಳು ಅಲ್ಪಸ್ವಲ್ಪ ಆಚೀಚೆ ತೋರಿಸಿದರೆ ಟ್ರಿಮ್ಮರ್ (ಒಳಗಿನ ಚಿಕ್ಕ ಹೊಂದಾಣಿಕೆ ಕಂಡೆನ್ಸರ್) ಮುಟ್ಟಬೇಡಿ. ಪ್ಲಗ್ ಮತ್ತೆ ಕಿತ್ತು, ಮುಳ್ಳನ್ನೇ ದಾರದ ಮೇಲೆ ಒಂದೆರಡು ಮಿ.ಮೀ. ಸರಿಸಿ. ಸರಿಯಾಗಿದೆ ಅಂತ ಖಾತ್ರಿಯಾದ ಮೇಲೆ ಅದರ ಬುಡಕ್ಕೂ ಒಂದು ಹನಿ ನೇಲ್ ಪಾಲಿಶ್.