ಹೊಸ ಸೂಜಿಯ ಲೆಕ್ಕ

ಅಮೆರಿಕದ ಇಂಡಿಯಾನಾ ರಾಜ್ಯದ ಸ್ಕಾಟ್ ಕೌಂಟಿಯಲ್ಲಿ ಆಸ್ಟಿನ್ ಎಂಬ ಸಣ್ಣ ಊರಿದೆ. ಜನಸಂಖ್ಯೆ ಸುಮಾರು 4,200. 2004ರಿಂದ 2013ರವರೆಗೆ ಇಡೀ ಕೌಂಟಿಯಲ್ಲಿ ಪತ್ತೆಯಾದ ಎಚ್‌ಐವಿ ಪ್ರಕರಣಗಳು ಐದನ್ನೂ ಮುಟ್ಟಿರಲಿಲ್ಲ. 2014ರ ಕೊನೆಗೆ ಪರಿಸ್ಥಿತಿ ಕೈಮೀರಿತು. ಒಂದೇ ವರ್ಷದಲ್ಲಿ 181 ಮಂದಿಗೆ ಸೋಂಕು ಖಚಿತವಾಯಿತು. ಹೆಚ್ಚುಕಡಿಮೆ ಎಲ್ಲರೂ ಆಕ್ಸಿಮಾರ್ಫೋನ್ ಎಂಬ ನೋವಿನ ಮಾತ್ರೆಯನ್ನು ಕರಗಿಸಿ ರಕ್ತನಾಳಕ್ಕೆ ಚುಚ್ಚಿಕೊಳ್ಳುತ್ತಿದ್ದವರು. ಹತ್ತರಲ್ಲಿ ಒಂಬತ್ತು ಜನರಿಗೆ ಯಕೃತ್ತಿಗೆ ತಗುಲುವ ಹೆಪಟೈಟಿಸ್ ಸಿ ಸೋಂಕು ಕೂಡ ಇತ್ತು. ಸಿರಿಂಜು ಹಂಚುವುದಕ್ಕೆ ಆ ರಾಜ್ಯದ ಕಾನೂನಿನಲ್ಲಿ ಅವಕಾಶವೇ ಇರಲಿಲ್ಲ. 2015ರ ಮಾರ್ಚ್ 26ರಂದು ಅಲ್ಲಿನ ಗವರ್ನರ್ ತುರ್ತು ಪರಿಸ್ಥಿತಿ ಘೋಷಿಸಿ ತಾತ್ಕಾಲಿಕ ಅನುಮತಿ ಕೊಟ್ಟ ಮೇಲಷ್ಟೇ ಹೊಸ ಸೂಜಿಗಳು ಊರಿಗೆ ಬಂದವು.

ಅಮೆರಿಕದಲ್ಲಿ ಒಬ್ಬ ಎಚ್‌ಐವಿ ಸೋಂಕಿತರ ಜೀವಮಾನದ ಚಿಕಿತ್ಸೆಗೆ 2010ರ ಬೆಲೆಯಲ್ಲಿ ಸುಮಾರು 3.8 ಲಕ್ಷ ಡಾಲರ್ ಬೇಕೆಂದು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಅಂದಾಜಿಸಿತ್ತು. 181ರಿಂದ ಗುಣಿಸಿದರೆ 6.9 ಕೋಟಿ ಡಾಲರ್ ಹತ್ತಿರ ಬರುತ್ತದೆ. ಅಷ್ಟು ಚಿಕ್ಕ ಊರಿಗೆ ಎಷ್ಟು ದಶಕಗಳ ಸಿರಿಂಜು ಕೊಡಬಹುದಿತ್ತು ಎಂದು ಯಾರು ಬೇಕಾದರೂ ಊಹಿಸಬಹುದು. ಇಷ್ಟಾದರೂ 2021ರಲ್ಲಿ ಕೌಂಟಿಯ ಆಡಳಿತ 2–1 ಮತದಿಂದ ಅಲ್ಲಿನ ಸಿರಿಂಜು ವಿತರಣಾ ಕೇಂದ್ರವನ್ನು ಮುಚ್ಚಲು ತೀರ್ಮಾನಿಸಿತು.

ಸೋಂಕಿತರು ಬಳಸಿದ ಸೂಜಿಯನ್ನು ಒಮ್ಮೆ ಬಳಸಿದರೆ ಎಚ್‌ಐವಿ ಅಂಟುವ ಸಾಧ್ಯತೆ ಸರಾಸರಿ 10,000ಕ್ಕೆ 63. ಕೇಳಲು ಕಡಿಮೆ ಅನಿಸುತ್ತದೆ. ಆದರೆ ಹೆರಾಯಿನ್ ಅವಲಂಬನೆ ಇರುವವರು ದಿನಕ್ಕೆ ಮೂರು ಸಲ ಚುಚ್ಚಿಕೊಂಡರೆ ವರ್ಷಕ್ಕೆ ಸಾವಿರ ಸಲ ದಾಟುತ್ತದೆ. ಜೊತೆಗೆ ಹೊಸದಾಗಿ ಸೋಂಕು ತಗುಲಿದವರ ರಕ್ತದಲ್ಲಿ ಮೊದಲ ಕೆಲವು ವಾರ ವೈರಸ್ ಸಂಖ್ಯೆ ವಿಪರೀತ ಏರಿರುತ್ತದೆ, ಅವರಿಗೆ ತಮಗೆ ಸೋಂಕಿದೆ ಎಂಬುದೇ ಗೊತ್ತಿರುವುದಿಲ್ಲ. ಒಂದೇ ಕೋಣೆಯಲ್ಲಿ ಒಂದೇ ಸಿರಿಂಜು ಕೈಯಿಂದ ಕೈಗೆ ಹೋಗುವ ಗುಂಪಿಗೆ ಆ ವಾರಗಳಲ್ಲಿ ವೈರಸ್ ಹೊಕ್ಕರೆ ಹರಡಲು ತಿಂಗಳುಗಳು ಸಾಕು.

ಸಿರಿಂಜನ್ನೇ ಹತ್ತಿರದಿಂದ ನೋಡಿ. ರಕ್ತನಾಳ ಸಿಕ್ಕಿದೆಯೇ ಎಂದು ತಿಳಿಯಲು ಮೊದಲು ಸ್ವಲ್ಪ ರಕ್ತ ಒಳಗೆಳೆಯುತ್ತಾರೆ. ಔಷಧ ಒಳಹೋದ ಮೇಲೆ ಒತ್ತುಗೋಲನ್ನು ಕೊನೆಯವರೆಗೆ ತಳ್ಳಿದರೂ ಮೂತಿಯಲ್ಲಿ ಒಂದಿಷ್ಟು ದ್ರವ ಉಳಿಯುತ್ತದೆ. ಸೂಜಿ ಬಿಚ್ಚಿ ಹಾಕುವ ಸಿರಿಂಜಿನಲ್ಲಿ ಹೀಗೆ ಉಳಿಯುವುದು 84 ಮೈಕ್ರೋಲೀಟರ್‌ವರೆಗೆ. ಸೂಜಿ ಅಂಟಿಕೊಂಡೇ ಬರುವ 1 ಮಿ.ಲೀ. ಇನ್ಸುಲಿನ್ ಸಿರಿಂಜಿನಲ್ಲಿ ಸುಮಾರು 2 ಮೈಕ್ರೋಲೀಟರ್. ನೀರಿನಲ್ಲಿ ತೊಳೆದ ಮೇಲೂ ಮೊದಲನೆಯದರಲ್ಲಿ ಉಳಿಯುವ ರಕ್ತ ಎಷ್ಟೋ ಪಟ್ಟು ಜಾಸ್ತಿ. ಹಾಗಾದರೆ ಎಲ್ಲರಿಗೂ ಇನ್ಸುಲಿನ್ ಸಿರಿಂಜನ್ನೇ ಕೊಡಬಹುದಲ್ಲ? ಆಗುವುದಿಲ್ಲ. ನಮ್ಮ ದೇಶದ ಹಲವು ಊರುಗಳಲ್ಲಿ ಬ್ಯುಪ್ರೆನಾರ್ಫಿನ್ ಎಂಬ ಅಫೀಮು ಬಗೆಯ ನೋವಿನ ಔಷಧದ ಇಂಜೆಕ್ಷನ್ ಜೊತೆಗೆ ಅಲರ್ಜಿಯ ಔಷಧ, ಮಂಪರು ತರುವ ಡಯಾಜೆಪಾಮ್ ಬೆರೆಸಿ ಚುಚ್ಚಿಕೊಳ್ಳುತ್ತಾರೆ. ಆ ಮಿಶ್ರಣ 1 ಮಿ.ಲೀ.ನಲ್ಲಿ ಹಿಡಿಸುವುದಿಲ್ಲ, 2 ಅಥವಾ 5 ಮಿ.ಲೀ. ಸಿರಿಂಜೇ ಬೇಕು. ಬೇಡದ ಅಳತೆಯದ್ದನ್ನು ಕೊಟ್ಟರೆ ಅದು ಚೀಲದಲ್ಲೇ ಉಳಿಯುತ್ತದೆ, ಹಳೆಯದೇ ಕೈ ಬದಲಾಯಿಸುತ್ತದೆ. ವಿತರಣೆಯ ಲೆಕ್ಕ ಮಾತ್ರ ಕಾಗದದಲ್ಲಿ ಚೆನ್ನಾಗಿ ಕಾಣುತ್ತದೆ.

ಉಳಿದ ರಕ್ತದಲ್ಲಿ ವೈರಸ್ ಎಷ್ಟು ದಿನ ಬದುಕುತ್ತದೆ ಎಂಬುದು ತಾಪಮಾನಕ್ಕೆ ಬಿಟ್ಟಿದ್ದು. ಪ್ರಯೋಗಾಲಯದಲ್ಲಿ 4 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟ ಸಿರಿಂಜುಗಳಲ್ಲಿ 42 ದಿನಗಳ ನಂತರವೂ ಜೀವಂತ ವೈರಸ್ ಸಿಕ್ಕಿದೆ. 27 ಡಿಗ್ರಿ ದಾಟಿದರೆ ವಾರದ ಬಳಿಕ ಸಿಗುವುದು ಅಪರೂಪ. ಹೆಪಟೈಟಿಸ್ ಸಿ ಇದಕ್ಕಿಂತ ಗಟ್ಟಿ. ಪುಡಿ ಕರಗಿಸುವ ಚಮಚ, ಸೋಸುವ ಹತ್ತಿ, ಒಟ್ಟಿಗೆ ಬಳಸುವ ನೀರು, ಇವುಗಳ ಮೂಲಕವೂ ಅದು ದಾಟುತ್ತದೆ. ಹಾಗಾಗಿ ಸೂಜಿಯ ಜೊತೆ ಇವನ್ನೂ ಕೊಡಬೇಕು.

ತಡೆಯ ಸಾಧನಗಳು ಮುಖ್ಯವಾಗಿ ಮೂರು: ಹೊಸ ಸೂಜಿ–ಸಿರಿಂಜು ವಿತರಣೆ, ಚುಚ್ಚಿಕೊಳ್ಳುವ ಮಾದಕ ವಸ್ತುವಿನ ಬದಲಿಗೆ ಅದೇ ಬಗೆಯ ಔಷಧಗಳಾದ ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್ ಅನ್ನು ಬಾಯಿಯ ಮೂಲಕ ಕೊಡುವ ಬದಲಿ ಚಿಕಿತ್ಸೆ, ಮತ್ತು ಸೋಂಕಿತರಿಗೆ ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತ್ತಿಕ್ಕುವ ಮಾತ್ರೆಗಳು. ಬದಲಿ ಚಿಕಿತ್ಸೆಯಲ್ಲಿ ಇರುವವರಿಗೆ ಎಚ್‌ಐವಿ ತಗುಲುವ ಅಪಾಯ 54% ಕಡಿಮೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ಹೇಳಿದೆ. ಸಿರಿಂಜು ವಿತರಣೆಗೆ ಅದೇ ಬಗೆಯ ಲೆಕ್ಕ 34%. ಗುಣಮಟ್ಟದ ಅಧ್ಯಯನಗಳನ್ನಷ್ಟೇ ತೆಗೆದುಕೊಂಡರೆ 58%. ಈ ಅಂತರಕ್ಕೆ ಕಾರಣವಿದೆ. ಸಿರಿಂಜು ಕೇಂದ್ರಕ್ಕೆ ಬರುವವರೇ ಎಲ್ಲರಿಗಿಂತ ಹೆಚ್ಚು ಅಪಾಯದಲ್ಲಿರುವವರು. ಬಾರದವರ ಜೊತೆ ಅವರನ್ನು ಹೋಲಿಸಿದರೆ ಕೇಂದ್ರವೇ ಸೋಂಕು ಹರಡಿತೇನೋ ಎಂಬ ಭ್ರಮೆ ಹುಟ್ಟುತ್ತದೆ.

ಕೆನಡಾದ ವ್ಯಾಂಕೂವರ್‌ನಲ್ಲಿ ಆಗಿದ್ದು ಇದೇ. ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ಸೂಜಿ ಕೊಡುತ್ತಿದ್ದ ಆ ನಗರದಲ್ಲಿ 1990ರ ದಶಕದ ನಡುವೆ ಎಚ್‌ಐವಿ ಸ್ಫೋಟಿಸಿತು, ವಿರೋಧಿಗಳು ಈಗಲೂ ಅದನ್ನೇ ಎತ್ತಿ ತೋರಿಸುತ್ತಾರೆ. ಅಲ್ಲಿ ಕೊಕೇನ್ ಚುಚ್ಚಿಕೊಳ್ಳುವವರು ಬಹಳ ಇದ್ದರು. ಕೊಕೇನಿನ ಅಮಲು ಬೇಗ ಇಳಿಯುತ್ತದೆ, ದಿನಕ್ಕೆ ಹದಿನೈದಿಪ್ಪತ್ತು ಸಲವೂ ಚುಚ್ಚಿಕೊಳ್ಳುತ್ತಾರೆ. ಹದಿನೈದರಂತೆ ಹಿಡಿದರೂ ಒಬ್ಬರಿಗೆ ವರ್ಷಕ್ಕೆ 5,475 ಸೂಜಿ. 20 ಲಕ್ಷ ಎಂಬುದು ಆ ಲೆಕ್ಕದಲ್ಲಿ 365 ಜನರಿಗಷ್ಟೇ ಸಾಕು.

ಈ ಇಡೀ ವಿಷಯದ ತಿರುಳೇ ಪ್ರಮಾಣ. ವಿಶ್ವ ಆರೋಗ್ಯ ಸಂಸ್ಥೆ ಒಬ್ಬರಿಗೆ ವರ್ಷಕ್ಕೆ 100ಕ್ಕಿಂತ ಕಡಿಮೆ ಸಿರಿಂಜನ್ನು ಅಲ್ಪ, 200ಕ್ಕಿಂತ ಹೆಚ್ಚನ್ನು ಉತ್ತಮ ಎಂದು ಪರಿಗಣಿಸುತ್ತ ಬಂದಿದೆ. 2030ರ ಗುರಿ 300. ಆಮ್‌ಸ್ಟರ್‌ಡ್ಯಾಮ್‌ನ ದೀರ್ಘಕಾಲದ ಅಧ್ಯಯನದಲ್ಲಿ ದಿನಕ್ಕೆ 60 ಮಿ.ಗ್ರಾಂ. ಅಥವಾ ಹೆಚ್ಚು ಮೆಥಡೋನ್ ಪಡೆದು, ಬಳಸುವ ಸೂಜಿಗಳನ್ನೆಲ್ಲ ಕೇಂದ್ರದಿಂದಲೇ ತಂದವರಲ್ಲಿ ಎಚ್‌ಐವಿ 57% ಇಳಿಯಿತು. ಮೆಥಡೋನ್, ಸೂಜಿ ಎರಡನ್ನೂ ಅರೆಬರೆಯಾಗಿ ಪಡೆದವರಲ್ಲಿ ಗಮನಾರ್ಹ ಇಳಿಕೆ ಕಾಣಲಿಲ್ಲ. ಆಂಟಿಬಯಾಟಿಕ್ ಅನ್ನು ಎರಡು ದಿನ ನುಂಗಿ ಬಿಟ್ಟ ಹಾಗೆ: ಖರ್ಚು ಆಯಿತು, ರೋಗ ಉಳಿಯಿತು. ಹಳೆಯ ಒಂದು ಕೊಟ್ಟರೆ ಮಾತ್ರ ಹೊಸ ಒಂದು ಎಂಬ ನಿಯಮ, ಮಧ್ಯಾಹ್ನ ಮುಚ್ಚುವ ಕೇಂದ್ರ, ಬಾಗಿಲಲ್ಲೇ ನಿಲ್ಲುವ ಪೊಲೀಸರು, ಇವೆಲ್ಲ ಪ್ರಮಾಣವನ್ನು ಕತ್ತರಿಸುವ ಕತ್ತರಿಗಳೇ. ಬಳಸಿದ ಸೂಜಿ ಜೇಬಲ್ಲಿದ್ದರೆ ಬಂಧನ ಎಂಬ ಭಯ ಇರುವ ಕಡೆ ಯಾರೂ ಅದನ್ನು ವಾಪಸ್ ತರುವುದಿಲ್ಲ, ಮೋರಿಗೆ ಎಸೆಯುತ್ತಾರೆ.

ಪ್ರಮಾಣ ಸರಿಯಿದ್ದರೆ ಏನಾಗುತ್ತದೆ ಎಂಬುದನ್ನು ಅಥೆನ್ಸ್ ತೋರಿಸಿತು. 2011ರಲ್ಲಿ ಅಲ್ಲಿ ಸೋಂಕು ಒಮ್ಮೆಲೇ ಏರಿದಾಗ, ಚುಚ್ಚಿಕೊಳ್ಳುವವರಿಗೇ ಕೂಪನ್ ಕೊಟ್ಟು ಗೆಳೆಯರನ್ನು ಪರೀಕ್ಷೆಗೆ ಕರೆತರುವಂತೆ ಮಾಡಲಾಯಿತು. ಕರೆತಂದವರಿಗೆ ಸಣ್ಣ ಮೊತ್ತ ಸಿಗುತ್ತಿತ್ತು. 2012–13ರಲ್ಲಿ ಹೀಗೆ 3,320 ಮಂದಿ ಬಂದರು, ಸೋಂಕಿದ್ದವರನ್ನು ಚಿಕಿತ್ಸೆಗೆ ಸೇರಿಸಲಾಯಿತು, ಸಿರಿಂಜು ಮತ್ತು ಬದಲಿ ಚಿಕಿತ್ಸೆಯೂ ಹೆಚ್ಚಿದವು. ವರ್ಷಕ್ಕೆ ನೂರರಲ್ಲಿ 7.8 ಜನರಿಗೆ ಹೊಸದಾಗಿ ತಗುಲುತ್ತಿದ್ದ ಸೋಂಕು 1.7ಕ್ಕೆ ಇಳಿಯಿತು.

ಬದಲಿ ಚಿಕಿತ್ಸೆ ಹಾಳಾಗುವುದು ಹೆಚ್ಚಾಗಿ ಮೊದಲ ದಿನವೇ. ಮೆದುಳಿನಲ್ಲಿ ಹೆರಾಯಿನ್ ಹೋಗಿ ಕೂರುವ ಜಾಗಗಳಿಗೆ (ಗ್ರಾಹಕಗಳಿಗೆ) ಬ್ಯುಪ್ರೆನಾರ್ಫಿನ್ ಅದಕ್ಕಿಂತ ಬಿಗಿಯಾಗಿ ಅಂಟುತ್ತದೆ, ಆದರೆ ಅದರಷ್ಟು ಪರಿಣಾಮ ಬೀರುವುದಿಲ್ಲ. ಹೆರಾಯಿನ್ ಇನ್ನೂ ಮೈಯಲ್ಲಿರುವಾಗಲೇ ಕೊಟ್ಟರೆ ಅದನ್ನು ಹೊರದಬ್ಬಿ, ತೀವ್ರ ಮೈನೋವು, ವಾಂತಿ, ಭೇದಿ ಒಟ್ಟಿಗೆ ಶುರುವಾಗುತ್ತವೆ. ಆ ಅನುಭವವಾದವರು ಮತ್ತೆ ಕೇಂದ್ರದ ಕಡೆ ತಲೆ ಹಾಕುವುದಿಲ್ಲ. ಹಾಗಾಗಿ ಕೊನೆಯ ಹೆರಾಯಿನ್ ನಂತರ ಕನಿಷ್ಠ 6ರಿಂದ 12 ಗಂಟೆ ಕಾದು, ಆಕಳಿಕೆ, ಕಣ್ಣೀರು, ರೋಮಾಂಚನದಂಥ ಲಕ್ಷಣ ಕಂಡ ಮೇಲೆ ಸಣ್ಣ ಪ್ರಮಾಣದಿಂದ ಆರಂಭಿಸಬೇಕು. ಭಾರತದ ಸರ್ಕಾರಿ ಕೇಂದ್ರಗಳಲ್ಲಿ 0.4 ಮತ್ತು 2 ಮಿ.ಗ್ರಾಂ. ಮಾತ್ರೆಗಳನ್ನು ಪುಡಿ ಮಾಡಿ, ನರ್ಸ್ ಎದುರಲ್ಲೇ ನಾಲಿಗೆಯಡಿ ಇಡಿಸುತ್ತಾರೆ. ನುಂಗಿದರೆ ಪರಿಣಾಮ ಬಹುಪಾಲು ಪೋಲಾಗುತ್ತದೆ. ನಿರ್ವಹಣೆಯ ಹಂತದಲ್ಲಿ ದಿನಕ್ಕೆ 8 ಮಿ.ಗ್ರಾಂ.ಗೆ ಕಡಿಮೆಯಾಗಬಾರದು, ಮೆಥಡೋನ್ ಆದರೆ 60ರಿಂದ 120 ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಬೇಗ ಬಿಡಿಸುವ ಆತುರದಿಂದ ಪ್ರಮಾಣ ಇಳಿಸಿದರೆ ಸೂಜಿ ಮತ್ತೆ ಕೈಗೆ ಬರುತ್ತದೆ. ಚಿಕಿತ್ಸೆ ನಿಲ್ಲಿಸಿದ ಮೊದಲ ನಾಲ್ಕು ವಾರ ಮಿತಿಮೀರಿದ ಪ್ರಮಾಣದಿಂದ ಸಾಯುವ ಅಪಾಯವೂ ಜಾಸ್ತಿ.

ಈಗ ದುಡ್ಡಿನ ಮಾತು. ಜಗತ್ತಿನ ಬೇರೆ ಬೇರೆ ಪ್ರದೇಶಗಳ ಅಂದಾಜುಗಳ ಪ್ರಕಾರ ಸಿರಿಂಜು ವಿತರಣೆಗೆ ಒಬ್ಬರಿಗೆ ವರ್ಷಕ್ಕೆ 23ರಿಂದ 71 ಡಾಲರ್, ಮೆಥಡೋನ್‌ಗೆ 363ರಿಂದ 1,057, ಬ್ಯುಪ್ರೆನಾರ್ಫಿನ್‌ಗೆ 1,236ರಿಂದ 3,167 ಡಾಲರ್. ಸಿರಿಂಜು ವಿತರಣೆಯಲ್ಲಿ ಸಿರಿಂಜಿನ ಬೆಲೆ ಸಣ್ಣದು. ಅದೇ ಸಮುದಾಯದಿಂದ ಬಂದು ಬೀದಿ ಬೀದಿ ತಿರುಗಿ ತಿಳಿಹೇಳುವ ಪೀರ್ ಎಜುಕೇಟರ್‌ಗಳ ಸಂಬಳ, ಸೂಜಿ ಚುಚ್ಚಿ ಹೊರಬರದಂಥ ಗಟ್ಟಿ ಡಬ್ಬಿಗಳು, ಬಳಸಿದ್ದನ್ನು ಸಂಗ್ರಹಿಸಿ ನಾಶ ಮಾಡುವ ಕೆಲಸ, ದೊಡ್ಡ ಖರ್ಚು ಇಲ್ಲಿದೆ. ಉಳಿತಾಯ ಮಾಡುತ್ತೇವೆಂದು ಮೊದಲು ಕೈ ಹಾಕುವುದೂ ಪೀರ್‌ಗಳ ಸಂಬಳಕ್ಕೇ, ಅದು ತೀರಾ ತಪ್ಪು.

ಆಸ್ಟ್ರೇಲಿಯಾ 2000ರಿಂದ 2009ರವರೆಗೆ ಸಿರಿಂಜು ಕಾರ್ಯಕ್ರಮಕ್ಕೆ 24.3 ಕೋಟಿ ಆಸ್ಟ್ರೇಲಿಯನ್ ಡಾಲರ್ ಹಾಕಿತು. ಅದರಿಂದ 32,050 ಎಚ್‌ಐವಿ, 96,667 ಹೆಪಟೈಟಿಸ್ ಸಿ ಸೋಂಕು ತಪ್ಪಿದವು ಎಂದು ಗಣಿತ ಮಾದರಿ ಹೇಳಿತು. ಹಾಕಿದ ಪ್ರತಿ ಡಾಲರ್‌ಗೆ ಚಿಕಿತ್ಸಾ ವೆಚ್ಚದಲ್ಲೇ ನಾಲ್ಕು ಡಾಲರ್ ಉಳಿಯಿತು. ಈ ಅನುಪಾತವನ್ನು ಹಾಗೇ ಭಾರತಕ್ಕೆ ತರಬಾರದು. ನಮ್ಮ ಜೆನೆರಿಕ್ ಕಂಪನಿಗಳಿಂದಾಗಿ ಮೊದಲ ಹಂತದ ಎಆರ್‌ಟಿ ಮಾತ್ರೆ ಈಗ ವರ್ಷಕ್ಕೆ 45 ಡಾಲರ್‌ಗೂ ಕಡಿಮೆಗೆ ಸಿಗುತ್ತದೆ. ಚಿಕಿತ್ಸೆ ಅಗ್ಗವಾದಷ್ಟೂ ತಡೆಯಿಂದ ಉಳಿಯುವ ಹಣ ಕಡಿಮೆ. ಆದರೂ ಮಾತ್ರೆ ಜೀವನಪರ್ಯಂತ ಬೇಕು, ಪರೀಕ್ಷೆಗಳು ಬೇಕು, ಕ್ಷಯ ಬಂದರೆ ಅದರ ಖರ್ಚು ಬೇರೆ. ಒಬ್ಬರಿಂದ ಮುಂದೆ ಸಂಗಾತಿಗೆ, ಮಗುವಿಗೆ ದಾಟುವ ಸೋಂಕನ್ನೂ ಸೇರಿಸಬೇಕು.

ಭಾರತಕ್ಕೆ ಈ ಪಾಠ ಹೊಸದಲ್ಲ. 1989–90ರಲ್ಲಿ ಮಣಿಪುರದಲ್ಲಿ ಹೆರಾಯಿನ್ ಚುಚ್ಚಿಕೊಳ್ಳುವವರ ನಡುವೆ ಎಚ್‌ಐವಿ ಕೆಲವೇ ತಿಂಗಳಲ್ಲಿ ಶೂನ್ಯದಿಂದ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಏರಿತ್ತು. 2021ರ ಸಮೀಕ್ಷೆಯಲ್ಲಿ ದೇಶದ ವಯಸ್ಕರಲ್ಲಿ ಸೋಂಕು ಸುಮಾರು 0.2% ಇದ್ದರೆ, ಚುಚ್ಚಿಕೊಳ್ಳುವವರಲ್ಲಿ 9.03%, 2017ರಲ್ಲಿ ಅದು 6.26% ಇತ್ತು. ಕರ್ನಾಟಕದಲ್ಲಿ ಎಚ್‌ಐವಿ ಹರಡಿದ್ದು ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ, ಹಾಗಾಗಿ ಸೂಜಿಯ ಕಡೆ ಗಮನ ಕಡಿಮೆ. ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರದಲ್ಲಿ ಬ್ಯುಪ್ರೆನಾರ್ಫಿನ್ ಸಿಗುತ್ತದೆ ಎಂಬುದೂ ಅನೇಕರಿಗೆ ಗೊತ್ತಿಲ್ಲ.

ಕಾನೂನಿನ ಅಡ್ಡಿ ದೊಡ್ಡ ಮಟ್ಟಿಗೆ ನಿವಾರಣೆಯಾಗಿದೆ. 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಎಚ್‌ಐವಿ/ಏಡ್ಸ್ ಕಾಯ್ದೆಯ 22ನೇ ಕಲಮು ಸೋಂಕು ತಡೆಗಾಗಿ ಸೂಜಿ ಕೊಡುವವರನ್ನೂ ಪಡೆಯುವವರನ್ನೂ ಶಿಕ್ಷೆಯಿಂದ ಕಾಪಾಡುತ್ತದೆ. ಠಾಣೆಯ ಮಟ್ಟದಲ್ಲಿ ಇದನ್ನು ತಿಳಿಸಿ ಹೇಳುವ ಕೆಲಸ ಬಾಕಿ ಇದೆ. 2020ರ ಲಾಕ್‌ಡೌನ್‌ನಲ್ಲಿ ಬ್ಯುಪ್ರೆನಾರ್ಫಿನ್ ಮಾತ್ರೆಯನ್ನು ಮನೆಗೆ ಒಯ್ಯಲು ಅನುಮತಿ ಸಿಕ್ಕಿತು. ದಿನಗೂಲಿ ಮಾಡುವವರಿಗೆ ದಿನಾ ಬೆಳಿಗ್ಗೆ ಸರದಿಯಲ್ಲಿ ನಿಲ್ಲುವುದೆಂದರೆ ಆ ದಿನದ ಕೂಲಿ ಹೋದಂತೆ. ಸ್ಥಿರವಾಗಿರುವವರಿಗೆ ಕೆಲವು ದಿನಗಳ ಮಾತ್ರೆ ಒಟ್ಟಿಗೆ ಕೊಡುವ ಪದ್ಧತಿ ಎಲ್ಲ ಕೇಂದ್ರಗಳಲ್ಲೂ ಉಳಿಯಬೇಕು. ಹೆಣ್ಣುಮಕ್ಕಳಿಗೆ ಗಂಡಸರ ಸರದಿಯಿಂದ ಬೇರೆ ಸಮಯ, ಕೂಸಿನ ಜೊತೆ ಕೂರಲು ಒಂದು ಕೋಣೆ, ಮಹಿಳಾ ಪೀರ್ ಒಬ್ಬರು ಬೇಕು. ಗಂಡ ಬಳಸಿದ ಸಿರಿಂಜನ್ನೇ ಕೊನೆಗೆ ಬಳಸುವವರು ಹಲವು ಮನೆಗಳಲ್ಲಿ ಅವರೇ.